ಮೂರು ದಿನದ ಸಮ್ಮೇಳನಕ್ಕೆ ಒಂದೇ ಪುಟ

ಸಮ್ಮೇಳನಕ್ಕೆ ಹೊರಟು ನಿಂತವರ ಪ್ರಶ್ನೆಗಳು ಬಹಳ ಇರುವುದಿಲ್ಲ. ಯಾವತ್ತು? ಎಲ್ಲಿ? ಬಸ್ ಸ್ಟ್ಯಾಂಡಿನಿಂದ ಎಷ್ಟು ದೂರ, ಆಟೋದವರಿಗೆ ಏನಂತ ಹೇಳಬೇಕು? ರಾತ್ರಿ ಉಳಿಯುವುದಕ್ಕೆ ಏನು ವ್ಯವಸ್ಥೆ? ಊಟ ಎಲ್ಲಿ, ಎಷ್ಟು ಹೊತ್ತಿಗೆ? ಹೊರಟವರು ಮೇಷ್ಟರಾದರೆ ಇನ್ನೊಂದು ಸೇರುತ್ತದೆ: ಓಓಡಿ (ಅನ್ಯ ಕಾರ್ಯ ನಿಮಿತ್ತದ ರಜೆ) ಸಿಗುತ್ತದೆಯೇ, ಹಾಜರಾತಿ ಪತ್ರ ಯಾವ ಕೌಂಟರಿನಲ್ಲಿ ಕೊಡುತ್ತಾರೆ? ಉದ್ಘಾಟನೆ ಯಾರು ಮಾಡುತ್ತಾರೆ ಎಂಬ ಕುತೂಹಲ ಇವೆಲ್ಲ ಬಗೆಹರಿದ ಮೇಲಿನದು. ಆದರೆ ನಮ್ಮ ಕಡೆ ಯಾವುದೇ ದೊಡ್ಡ ಕಾರ್ಯಕ್ರಮದ ವೆಬ್‌ಪುಟ ತೆರೆಯಿರಿ. ಮೊದಲು ಉದ್ಘಾಟಕರು, ಆಮೇಲೆ ಘನ ಉಪಸ್ಥಿತಿ, ಆಮೇಲೆ ಗೌರವ ಉಪಸ್ಥಿತಿ, ಆಮೇಲೆ ಸ್ವಾಗತ ಸಮಿತಿ ಅಧ್ಯಕ್ಷರ ಸಂದೇಶ. ಊಟ, ವಸತಿ, ದಾರಿ ಎಲ್ಲ ಪಾತಾಳದಲ್ಲಿ. ಕೆಲವು ಕಡೆ ಇರುವುದೇ ಇಲ್ಲ. ‘ಹೆಚ್ಚಿನ ಮಾಹಿತಿಗೆ ಸಂಪರ್ಕಿಸಿ’ ಅಂತ ನಾಲ್ಕು ಮೊಬೈಲ್ ನಂಬರು ಕೊಟ್ಟಿರುತ್ತಾರೆ, ಆ ನಾಲ್ಕೂ ಆ ಮೂರು ದಿನ ಬಿಝಿ.

ನಾನು ಮೈಸೂರಿನಲ್ಲಿ ಒಂದು ಸಣ್ಣ ಡಿಸೈನ್ ಆಫೀಸು ನಡೆಸುತ್ತೇನೆ. ಕಾರ್ಡು, ಕರಪತ್ರ, ಪುಸ್ತಕದ ರಕ್ಷಾಪುಟ, ವೆಬ್‌ಸೈಟು, ಏನು ಬಂದರೂ ಮಾಡಿಕೊಡುತ್ತೇವೆ. ಅದರಲ್ಲಿ ನನಗೆ ಬಹಳ ಇಷ್ಟದ ಕೆಲಸ, ಅತಿ ಹೆಚ್ಚು ಜಗಳ ಆಗುವ ಕೆಲಸವೂ ಹೌದು, ದೊಡ್ಡ ಕಾರ್ಯಕ್ರಮಗಳಿಗೆ ಒಂದೇ ಪುಟದ ವೆಬ್‌ಸೈಟು ಮಾಡುವುದು. ಮೆನು ಒತ್ತಿದಾಗಲೆಲ್ಲ ಹೊಸ ಪುಟಕ್ಕೆ ಕರೆದೊಯ್ಯುವ ಸೈಟು ಇದಲ್ಲ. ಬೆರಳಿನಲ್ಲಿ ಮೇಲಕ್ಕೆ ಸರಿಸುತ್ತ ಹೋದರೆ ಎಲ್ಲವೂ ಅಲ್ಲೇ ಸಿಗುತ್ತದೆ. ‘ಊಟ’ ಒತ್ತಿದರೆ ಅದೇ ಪುಟದ ಊಟದ ಭಾಗಕ್ಕೆ ಜಿಗಿಯುತ್ತದೆ, ಅಷ್ಟೇ.

ಇದೊಂದು ಫ್ಯಾಷನ್ ಎಂದು ಅಂದುಕೊಂಡವರಿದ್ದಾರೆ. ಇರಬಹುದು. ನಾನು ಇದಕ್ಕೆ ಅಂಟಿಕೊಂಡಿರುವುದು ಮೊಬೈಲ್ ಟವರಿನ ಕಾರಣಕ್ಕೆ. ಸಮ್ಮೇಳನದ ಪೆಂಡಾಲು ಏಳುವುದು ಊರಾಚೆಯ ಮೈದಾನದಲ್ಲೋ ಹೆದ್ದಾರಿ ಪಕ್ಕದ ಖಾಲಿ ಜಮೀನಿನಲ್ಲೋ. ಅಲ್ಲಿನ ಟವರು ಮಾಮೂಲಿ ದಿನಗಳಲ್ಲಿ ಕೆಲವು ನೂರು ಫೋನು ನೋಡಿಕೊಂಡು ಆರಾಮಾಗಿ ಇರುತ್ತದೆ. ಉದ್ಘಾಟನೆಯ ಬೆಳಿಗ್ಗೆ ಅದರ ಮೇಲೆ ಹತ್ತಾರು ಸಾವಿರ ಫೋನು ಬೀಳುತ್ತವೆ, ಅಷ್ಟೂ ಫೋನಿನಿಂದ ಮೆರವಣಿಗೆಯ ವಿಡಿಯೋ ಬೇರೆ ಹೋಗುತ್ತಿರುತ್ತದೆ. ಪರದೆಯಲ್ಲಿ ಸಿಗ್ನಲ್ಲಿನ ಕಡ್ಡಿಗಳೆಲ್ಲ ತುಂಬಿರುತ್ತವೆ, ಆದರೆ ಏನೂ ತೆರೆಯುವುದಿಲ್ಲ. ಇಂಥ ಹೊತ್ತಿನಲ್ಲಿ ಹತ್ತು ಪುಟದ ಸೈಟಿದ್ದರೆ ಒಂದೊಂದು ಪುಟಕ್ಕೂ ಹೊಸದಾಗಿ ಸರ್ವರಿಗೆ ಹೋಗಿ ಬರಬೇಕು. ನಡುವೆ ಎಲ್ಲೋ ಒಂದು ಕಡೆ ಸಿಕ್ಕಿಬೀಳುವುದು ಖಂಡಿತ. ಒಂದೇ ಪುಟವಾದರೆ ಬೆಳಿಗ್ಗೆ ಲಾಡ್ಜಿನಲ್ಲೋ ಬಸ್ಸಿನಲ್ಲೋ ತೆರೆದದ್ದು ಕೈಯಲ್ಲೇ ಉಳಿಯುತ್ತದೆ. ಸರ್ವಿಸ್ ವರ್ಕರ್ ಎಂಬ ಪುಟ್ಟ ಪ್ರೋಗ್ರಾಮನ್ನು ಜೊತೆಗಿಟ್ಟರೆ ಪುಟದ ಒಂದು ಪ್ರತಿ ಫೋನಿನಲ್ಲೇ ಉಳಿದು, ನೆಟ್‌ವರ್ಕ್ ಪೂರ್ತಿ ಸತ್ತರೂ ತೆರೆಯುತ್ತದೆ. ಇನ್ನೊಂದು ಅನುಕೂಲವೂ ಇದೆ. ಪುಟದ ಪ್ರತಿ ಭಾಗಕ್ಕೂ ಒಂದು ಹೆಸರು ಕೊಟ್ಟಿರುತ್ತೇವಲ್ಲ, ಆ ಹೆಸರು ಸೇರಿಸಿದ ಲಿಂಕನ್ನು ಕಳಿಸಿದರೆ ನೇರ ಆ ಜಾಗಕ್ಕೇ ತೆರೆದುಕೊಳ್ಳುತ್ತದೆ. ‘ಸಾರ್, ಹೆಣ್ಣುಮಕ್ಕಳಿಗೆ ವಸತಿ ಎಲ್ಲಿ?’ ಅಂತ ವಾಟ್ಸ್ಆ್ಯಪಿನಲ್ಲಿ ಕೇಳಿದವರಿಗೆ ಸ್ವಯಂಸೇವಕರು ಟೈಪು ಮಾಡುತ್ತ ಕೂರಬೇಕಿಲ್ಲ.

ಎಲ್ಲ ಕಾರ್ಯಕ್ರಮಕ್ಕೂ ಇದು ಒಗ್ಗುವುದಿಲ್ಲ. ಯಲಹಂಕ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಏರೋ ಇಂಡಿಯಾದಂಥದ್ದಕ್ಕೆ ನೂರಾರು ಕಂಪನಿಗಳ ಮಳಿಗೆ, ಪಾಸುಗಳ ಬಗೆ, ಭದ್ರತೆಯ ನಿಯಮ ಎಲ್ಲ ಇರುತ್ತವೆ; ಅದನ್ನು ಒಂದೇ ಪುಟಕ್ಕೆ ತುರುಕಿದರೆ ಓದುವವರ ಹೆಬ್ಬೆರಳು ಸವೆಯುತ್ತದೆ. ಆದರೆ ಸಾಹಿತ್ಯ ಸಮ್ಮೇಳನ, ವೈದ್ಯರ ಸಮಾವೇಶ, ಹಳೆ ವಿದ್ಯಾರ್ಥಿಗಳ ಶತಮಾನೋತ್ಸವ, ಮಠದ ಜಯಂತಿ, ಇವಕ್ಕೆಲ್ಲ ಒಂದು ಪುಟ ಧಾರಾಳ ಸಾಕು.

ಸಾಹಿತ್ಯ ಸಮ್ಮೇಳನವನ್ನೇ ತೆಗೆದುಕೊಳ್ಳೋಣ. ಅದರ ಪುಟ ನಾನು ಮಾಡಿದ್ದಲ್ಲ, ಆದರೆ ಅದರ ಆಕಾರ ಕನ್ನಡಿಗರಿಗೆಲ್ಲ ಗೊತ್ತು. 1915ರಲ್ಲಿ ಬೆಂಗಳೂರಿನಲ್ಲಿ ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಶುರುವಾದದ್ದು. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ ಗೊ.ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ ನಡೆದದ್ದು 87ನೆಯದು. ಮಂಡ್ಯಕ್ಕೆ ಅದು ಮೂರನೆಯ ಸರದಿ. 1974ರಲ್ಲಿ ಅಲ್ಲೇ ಜಯದೇವಿತಾಯಿ ಲಿಗಾಡೆಯವರು ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರಾದದ್ದು, 1994ರಲ್ಲಿ ಚದುರಂಗರು. ಮೂರು ದಿನ, ಒಂದು ಪ್ರಧಾನ ವೇದಿಕೆ, ಸಮಾನಾಂತರ ವೇದಿಕೆಗಳು, ಗೋಷ್ಠಿಗಳು, ಕವಿಗೋಷ್ಠಿ, ಪುಸ್ತಕ ಮಳಿಗೆ, ಸನ್ಮಾನ, ಮೆರವಣಿಗೆ, ಮತ್ತು ಊಟ. ಊಟವನ್ನು ಹಗುರವಾಗಿ ಕಾಣಬೇಡಿ. ಮಂಡ್ಯದ ಸಮ್ಮೇಳನದ ಮುಂಚಿನ ದಿನಗಳಲ್ಲಿ ಬಾಡೂಟ ಬೇಕೋ ಬೇಡವೋ ಎಂಬ ಚರ್ಚೆ ಯಾವ ಗೋಷ್ಠಿಯ ವಿಷಯಕ್ಕೂ ಕಡಿಮೆಯಿಲ್ಲದಂತೆ ನಡೆಯಿತು. ಊಟದ ಭಾಗವನ್ನು ಪುಟದ ಮೇಲ್ತುದಿಗೆ ತರಬೇಕೆಂದು ನಾನು ಹಟ ಹಿಡಿಯುವುದು ಸುಮ್ಮನೆ ಅಲ್ಲ.

ಮೊದಲ ಪರದೆಯಲ್ಲಿ, ಅಂದರೆ ಲಿಂಕು ಒತ್ತಿದ ಕೂಡಲೇ ಬೆರಳಾಡಿಸದೆ ಕಾಣುವಷ್ಟು ಜಾಗದಲ್ಲಿ, ನಾನು ಬಿಡುವುದು ನಾಲ್ಕೇ ಸಂಗತಿ: ಕಾರ್ಯಕ್ರಮದ ಹೆಸರು, ವಾರದ ಸಮೇತ ತಾರೀಖು, ಜಾಗ, ಮತ್ತು ಒಂದು ಬಟನ್ನು. ಎರಡು ಬಟನ್ ಇಟ್ಟರೆ ಯಾವುದು ಒತ್ತಬೇಕೆಂದು ಯೋಚಿಸುತ್ತಾರೆ, ಮೂರು ಇಟ್ಟರೆ ಮುಚ್ಚಿಬಿಡುತ್ತಾರೆ. ಇಷ್ಟು ಹೇಳಿದರೆ ಸಾಕು, ಸಮಿತಿಯ ಸಭೆಯಲ್ಲಿ ಗದ್ದಲ ಶುರು. ಒಂದು ಜಿಲ್ಲಾ ಮಟ್ಟದ ಕಾರ್ಯಕ್ರಮದ ಕಾರ್ಯದರ್ಶಿಗಳು, ನಮ್ಮ ತಂದೆಯ ವಯಸ್ಸಿನವರು, ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ಹೇಳಿದರು: “ನೋಡಮ್ಮಾ, ನೀನು ಹೇಳೋದೆಲ್ಲ ಸರಿ. ಆದ್ರೆ ಸಾಹೇಬ್ರ ಫೋಟೋ ಮೇಲ್ಗಡೆ ಇಲ್ದಿದ್ರೆ ನಾಳೆ ಶಾಮಿಯಾನದ ದುಡ್ಡು ಯಾರ ಹತ್ರ ಕೇಳ್ಲಿ?”

ಇದು ಹಾಸ್ಯವಲ್ಲ, ಅವರ ಕಷ್ಟ ನಿಜ. ಆಹ್ವಾನ ಪತ್ರಿಕೆ ಎಂಬುದು ನಮ್ಮಲ್ಲಿ ಮಾಹಿತಿಯ ಕಾಗದ ಅಲ್ಲ, ಗೌರವದ ಕಾಗದ. ಯಾರ ಹೆಸರು ಯಾರ ಮೇಲೆ ಬರಬೇಕು ಎಂಬುದಕ್ಕೆ ಶಿಷ್ಟಾಚಾರದ ಲೆಕ್ಕವಿದೆ, ತಪ್ಪಿದರೆ ಫೋನು ಬರುತ್ತದೆ. ವೆಬ್‌ಪುಟ ಆ ಕಾಗದದ ತದ್ರೂಪಾಗಬೇಕೆಂದು ಬಯಸುವುದರಲ್ಲೇ ಎಲ್ಲ ಕೆಡುವುದು. ಅದಕ್ಕೆ ಸಮಿತಿಗಳು ಸಾಮಾನ್ಯವಾಗಿ ಕಂಡುಕೊಳ್ಳುವ ಉಪಾಯವೆಂದರೆ ತಾನೇ ತಾನಾಗಿ ಸರಿಯುವ ಫೋಟೋಗಳ ಸಾಲು. ಎಲ್ಲರಿಗೂ ತಲೆಗೆ ನಾಲ್ಕು ಸೆಕೆಂಡು ಪುಟದ ನೆತ್ತಿಯ ಮೇಲೆ ಕೂರುವ ಯೋಗ. ಯಾರಿಗೂ ಬೇಸರವಿಲ್ಲ, ಓದುಗನ ಹೊರತು. ನಾನು ಅದರ ಬದಲು ಕೇಳಿಕೊಳ್ಳುವುದು: ಪೂರ್ತಿ ಆಹ್ವಾನ ಪತ್ರಿಕೆಗೆ ಅದರದೇ ಒಂದು ಭಾಗ ಮಾಡುತ್ತೇನೆ, ಒಂದು ಹೆಸರೂ ಬಿಡದೆ, ಮೇಲು ಕೆಳಗು ಮಾಡದೆ. ಮುದ್ರಿತ ಕಾರ್ಡಿಗಿಂತ ಚೆನ್ನಾಗಿ ಕಾಣುವಂತೆ. ಸಾಹೇಬರ ಮನೆಗೆ ಕಳಿಸುವ ಲಿಂಕು ನೇರ ಆ ಭಾಗಕ್ಕೇ ತೆರೆಯುತ್ತದೆ. ಊರವರಿಗೆ ಹೋಗುವ ಲಿಂಕು ಪುಟದ ಮೊದಲಿಗೆ ತೆರೆಯುತ್ತದೆ. ಇಬ್ಬರಿಗೂ ತಾವೇ ಮೊದಲು. ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, “ನೀನು ರಾಜಕೀಯಕ್ಕೆ ಬರಬೇಕಾಗಿತ್ತು” ಎಂದರು.

ಫೋಟೋದ ಬಗ್ಗೆ ನನ್ನ ತಕರಾರು ಬರೀ ಗೌರವದ್ದಲ್ಲ, ತೂಕದ್ದು. ಯೂನಿಕೋಡಿನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ವೆಬ್‌ನಲ್ಲಿ ಮೂರು ಬೈಟ್ ಜಾಗ ಬೇಕು. ‘ಸಮ್ಮೇಳನ’ ಎಂದು ಬರೆದರೆ ಒತ್ತು, ಗುಣಿತ ಎಲ್ಲ ಸೇರಿ ಏಳು ಸಂಕೇತ, 21 ಬೈಟ್. ಇಂಗ್ಲಿಷಿಗಿಂತ ದುಬಾರಿ ನಿಜ. ಆದರೂ ಮೂರು ದಿನದ ಇಡೀ ವಿವರ, ಗೋಷ್ಠಿಯ ವಿಷಯ, ಮಾತಾಡುವವರ ಹೆಸರು, ದಾರಿ, ವಸತಿ ಎಲ್ಲ ಎರಡು ಮೂರು ಸಾವಿರ ಪದದಲ್ಲಿ ಮುಗಿಯುತ್ತದೆ. ನೂರು ಕಿಲೋಬೈಟ್ ದಾಟುವುದು ಕಷ್ಟ. ಸ್ಟುಡಿಯೋದಿಂದ ಬಂದ ಒಂದೇ ಒಂದು ಭಾವಚಿತ್ರ ನಾಲ್ಕು ಮೆಗಾಬೈಟ್ ಇರುತ್ತದೆ. ಅಂದರೆ ಒಬ್ಬರ ಮುಖ ಇಡೀ ಸಮ್ಮೇಳನದ ನಲವತ್ತು ಪಟ್ಟು ಭಾರ. ಫೋಟೋವನ್ನು ಕಾಣುವ ಅಳತೆಗೆ ಕುಗ್ಗಿಸಿ, ವೆಬ್‌ಪಿಯಂಥ ಹಗುರ ರೂಪಕ್ಕೆ ಬದಲಿಸಿ, ಓದುಗ ಆ ಜಾಗಕ್ಕೆ ಬಂದಾಗ ಮಾತ್ರ ಇಳಿಯುವಂತೆ ಮಾಡಿದರೆ ಮುಖವೂ ಉಳಿಯುತ್ತದೆ, ಪುಟವೂ ಉಳಿಯುತ್ತದೆ. ಇಷ್ಟು ಮಾಡದೆ ಬಿಟ್ಟ ಪುಟಗಳೇ ಹೆಚ್ಚು.

ಇನ್ನು ಅಕ್ಷರ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಕನ್ನಡದ ಪುಟ ಕೆಡುವುದು ಇಲ್ಲೇ.

ಪೇಟೆಯಲ್ಲಿ ಸಿಗುವ ಸಿದ್ಧ ಟೆಂಪ್ಲೇಟುಗಳೆಲ್ಲ ಇಂಗ್ಲಿಷಿಗೆ ಹೊಲಿದವು. ಅವುಗಳ ಶೀರ್ಷಿಕೆಯಲ್ಲಿ ಸಾಲಿಗೂ ಸಾಲಿಗೂ ಅಂತರ ಬಹಳ ಕಡಿಮೆ. ಇಂಗ್ಲಿಷಿಗೆ ಅದು ಚೆಂದ. ಅದೇ ಅಳತೆಯಲ್ಲಿ ‘ರಾಷ್ಟ್ರೀಯ ವಿಚಾರಸಂಕಿರಣ’ ಎಂದು ಹಾಕಿ ನೋಡಿ: ಷಕಾರದ ಕೆಳಗೆ ಟಕಾರದ ಒತ್ತು, ಅದರ ಜೊತೆ ರಕಾರದ ಒತ್ತು, ಎಲ್ಲ ಸೇರಿ ಕೆಳಗಿನ ಸಾಲಿನ ದೀರ್ಘಕ್ಕೂ ಗುಡಿಸಿಗೂ ಹೋಗಿ ಡಿಕ್ಕಿ ಹೊಡೆಯುತ್ತವೆ. ಕೆಲವು ಕಡೆ ಒತ್ತಕ್ಷರದ ಪಾದವೇ ಕತ್ತರಿಸಿ ಹೋಗಿರುತ್ತದೆ, ಪೆಟ್ಟಿಗೆಯ ಅಂಚು ಅಲ್ಲಿಗೇ ಮುಗಿದಿರುತ್ತದಲ್ಲ. ಅಕ್ಷರದ ಎತ್ತರದ ಒಂದೂವರೆ ಪಟ್ಟಿಗಿಂತ ಕಡಿಮೆ ಅಂತರವನ್ನು ನಾನು ಕನ್ನಡಕ್ಕೆ ಕೊಡುವುದಿಲ್ಲ. ಓದುವ ಪಠ್ಯಕ್ಕೆ ಇನ್ನೂ ಸ್ವಲ್ಪ ಹೆಚ್ಚು. ನಮ್ಮಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವಿಲ್ಲ, ವಾಲಿಸಿ ಬರೆಯುವ ರೂಢಿಯೂ ಇಲ್ಲ. ಹಾಗಾಗಿ ಯಾವುದು ಶೀರ್ಷಿಕೆ, ಯಾವುದು ಉಪಶೀರ್ಷಿಕೆ ಎಂದು ತೋರಿಸಲು ದಪ್ಪ, ಗಾತ್ರ, ಬಣ್ಣ, ಸುತ್ತಲಿನ ಖಾಲಿ ಜಾಗ, ಇವಿಷ್ಟರಲ್ಲೇ ಸಂಸಾರ ಮಾಡಬೇಕು. ‘ಸಮ್ಮೇಳನಾಧ್ಯಕ್ಷರೊಂದಿಗೆ’ ಎಂಬಂಥ ಪದ ದೊಡ್ಡ ಗಾತ್ರದಲ್ಲಿ ಫೋನಿನ ಅಗಲಕ್ಕೆ ಹಿಡಿಸುವುದೇ ಇಲ್ಲ. ಪರದೆಯ ಬಲಗಡೆ ಹೊರಗೆ ಚಾಚಿಕೊಂಡು ಇಡೀ ಪುಟವನ್ನೇ ಅಡ್ಡಕ್ಕೆ ಅಲ್ಲಾಡಿಸುತ್ತದೆ.

ಫಾಂಟಿನ ಬರ ಈಗ ಮೊದಲಿನಷ್ಟಿಲ್ಲ. ನೋಟೋ ಕನ್ನಡ ಇದೆ, ಏಕ್ ಟೈಪ್‌ನವರ ಅನೇಕ್ ಕನ್ನಡ ಮತ್ತು ಬಲೂ ತಮ್ಮ ಇವೆ, ಪುಸ್ತಕದ ಛಾಯೆ ಬೇಕಾದವರಿಗೆ ಟೀರೋ ಕನ್ನಡ ಇದೆ, ಎಲ್ಲ ಉಚಿತ. ನನ್ನ ಮೆಚ್ಚಿನದು ಅನೇಕ್. ಅದರಲ್ಲಿ ಅಕ್ಷರದ ಅಗಲವನ್ನೂ ಹಿಗ್ಗಿಸಿ ಕುಗ್ಗಿಸಬಹುದು, ಆಗ ಆ ಉದ್ದ ಪದ ಫೋನಿನೊಳಗೆ ಕೂರುತ್ತದೆ. ತಲೆನೋವು ಇರುವುದು ಸಮಿತಿಯಿಂದ ಬರುವ ಕಡತದಲ್ಲಿ. ಗೋಷ್ಠಿಗಳ ಪಟ್ಟಿಯನ್ನು ಯಾರೋ ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿರುತ್ತಾರೆ. ಅದು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಏರ್ಪಾಡು. ಪುಟಕ್ಕೆ ಅಂಟಿಸಿದರೆ ಕವಿಗಳ ಹೆಸರಿನ ಬದಲು ಪೌಂಡ್ ಚಿಹ್ನೆ, ತಲೆಯ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳು ಸಾಲಾಗಿ ಬಂದು ನಿಲ್ಲುತ್ತವೆ. ಪರಿವರ್ತಕಗಳಿವೆ, ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ನಡುವೆ ಇದ್ದ ನಿಜವಾದ ಇಂಗ್ಲಿಷ್ ಪದವನ್ನೂ, ಇಮೇಲ್ ವಿಳಾಸವನ್ನೂ ಅವು ಕನ್ನಡ ಎಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳನ್ನಾಗಿ ಮಾಡಿಬಿಡುತ್ತವೆ. ಅದಕ್ಕೇ ಪರಿವರ್ತಿಸಿದ ಮೇಲೆ ಒಬ್ಬರು ಕೂತು ಹೆಸರು ಹೆಸರಾಗಿ ಓದಲೇಬೇಕು, ಮುದ್ರಣದ ಕರಡು ತಿದ್ದುವ ಹಾಗೆ.

ಈ ತೊಂದರೆಯೇ ಬೇಡವೆಂದು ಆಹ್ವಾನ ಪತ್ರಿಕೆಯನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕಿಬಿಡುವವರು ಬಹಳ. ನೋಡಲು ಎಲ್ಲ ಸರಿಯಿರುತ್ತದೆ. ಕಣ್ಣು ಕಾಣದವರ ಫೋನು ಪರದೆಯನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ಕನ್ನಡದಲ್ಲೂ ಹೇಳುತ್ತದೆ. ಅದಕ್ಕೆ ಪಠ್ಯ ಬೇಕು. ಪುಟದ ಒಳಗೆ ‘ಇದು ಕನ್ನಡ’ ಎಂಬ ಒಂದು ಚಿಕ್ಕ ಗುರುತನ್ನೂ ಹಾಕಿರಬೇಕು. ಚಿತ್ರದ ಮುಂದೆ ಅದು ‘ಚಿತ್ರ’ ಎಂದು ಹೇಳಿ ಸುಮ್ಮನಾಗುತ್ತದೆ. ಅರವತ್ತು ದಾಟಿದವರು ಎರಡು ಬೆರಳಿನಲ್ಲಿ ಹಿಗ್ಗಿಸಿ, ಎಡಕ್ಕೂ ಬಲಕ್ಕೂ ಎಳೆದು, ಕೊನೆಗೆ ಮೊಮ್ಮಗನ ಕೈಗೆ ಕೊಡುತ್ತಾರೆ. ಸಾಹಿತ್ಯ ಸಮ್ಮೇಳನಕ್ಕೆ ಬರುವವರಲ್ಲಿ ಅರವತ್ತು ದಾಟಿದವರು ಎಷ್ಟು ಎಂದು ನಾನು ಹೇಳಬೇಕಿಲ್ಲ.

ಬಣ್ಣದ ವಿಷಯದಲ್ಲಿ ಯಾರೂ ಚರ್ಚೆಯನ್ನೇ ಮಾಡುವುದಿಲ್ಲ. ಕನ್ನಡದ ಕಾರ್ಯಕ್ರಮ ಎಂದಮೇಲೆ ಅರಿಶಿನ ಕುಂಕುಮ, ಮುಗಿಯಿತು. ನನಗೂ ಅದೇ ಇಷ್ಟ. ಆದರೆ ಲೆಕ್ಕ ಒಂದಿದೆ. ಅಕ್ಷರ ಮತ್ತು ಅದರ ಹಿನ್ನೆಲೆಯ ನಡುವಿನ ಬೆಳಕಿನ ಅಂತರವನ್ನು ಅಳೆಯಲು ವೆಬ್‌ನ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ 1ರಿಂದ 21ರವರೆಗಿನ ಅನುಪಾತ ಹೇಳಿದ್ದಾರೆ. ಬಿಳಿಯ ಮೇಲೆ ಕಪ್ಪು 21. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು, ದೊಡ್ಡ ಅಕ್ಷರಕ್ಕೆ 3 ಆದರೂ ನಡೆಯುತ್ತದೆ. ಕಂಪ್ಯೂಟರಿನ ಅಪ್ಪಟ ಕೆಂಪಿನ ಮೇಲೆ ಅಪ್ಪಟ ಹಳದಿ ಇಟ್ಟು ಅಳೆದರೆ ಬರುವುದು 3.7. ಶೀರ್ಷಿಕೆಗೆ ಪಾಸು, ಊಟದ ವೇಳೆಗೆ ನಪಾಸು. ಬಿಸಿಲಿನಲ್ಲಿ ನಿಂತು ಓದುವವರಿಗೆ ಇದು ಇನ್ನೂ ಕಷ್ಟ. ಕೆಂಪನ್ನು ಸ್ವಲ್ಪ ಗಾಢ ಮಾಡಿ ನಿಜವಾದ ಕುಂಕುಮದ ಹತ್ತಿರ ತಂದರೆ ಅದೇ ಅನುಪಾತ 6 ದಾಟುತ್ತದೆ. ಹಳದಿಯ ಮೇಲೆ ಬಿಳಿ ಅಕ್ಷರ ಮಾತ್ರ ಯಾವ ಕಾರಣಕ್ಕೂ ಬೇಡ, ಅದು 1.1ನ್ನೂ ಮುಟ್ಟುವುದಿಲ್ಲ. ಹಳದಿಯ ಮೇಲೆ ಕಪ್ಪು ಹಾಕಿ, ಆಟೋದ ನಂಬರ್ ಪ್ಲೇಟು ದೂರದಿಂದ ಓದಲು ಸಿಗುವುದು ಅದಕ್ಕೇ.

ಸಮ್ಮೇಳನದ ಪುಟಕ್ಕೂ ಫ್ಲೆಕ್ಸಿಗೂ ಇರುವ ವ್ಯತ್ಯಾಸವನ್ನು ಜನ ಮರೆಯುತ್ತಾರೆ. ಫ್ಲೆಕ್ಸು ಕಟ್ಟಿದ ದಿನ ಹೇಗಿತ್ತೋ ಬಿಚ್ಚುವ ದಿನವೂ ಹಾಗೇ ಇರುತ್ತದೆ. ಪುಟ ಹಾಗಿರಬಾರದು. ತಿಂಗಳ ಮುಂಚೆ ಅದಕ್ಕೆ ಬರುವವರಿಗೆ ಬೇಕಾದದ್ದು ನೋಂದಣಿ ಮತ್ತು ವಸತಿ. ಹಿಂದಿನ ರಾತ್ರಿ ಬೇಕಾದದ್ದು ದಾರಿ. ಉದ್ಘಾಟನೆ ಆಗಿ ಗಂಟೆ ಕಳೆದ ಮೇಲೆ ಆ ದೊಡ್ಡ ‘ನೋಂದಣಿ’ ಬಟನ್ನು ಮೊದಲ ಪರದೆಯಲ್ಲಿ ಏನು ಮಾಡುತ್ತಿದೆ? ಆಗ ಅಲ್ಲಿ ಇರಬೇಕಾದದ್ದು ‘ಈಗ’ ಎಂಬ ಪಟ್ಟಿ. ನನ್ನ ಪುಟಗಳಲ್ಲಿ ಆ ಪಟ್ಟಿ ಹೀಗಿರುತ್ತದೆ. ಎಡಗಡೆ ವೇದಿಕೆಯ ಹೆಸರು, ಅದರ ಮುಂದೆ ಈಗ ಏನು ನಡೆಯುತ್ತಿದೆ, ಕೆಳಗೆ ಸಣ್ಣದಾಗಿ ಮುಂದಿನದು ಏನು, ಮತ್ತು ಬಲ ಮೂಲೆಯಲ್ಲಿ ‘11.40ಕ್ಕೆ ತಿದ್ದಿದ್ದು’ ಎಂಬ ಗುರುತು. ಆ ಕೊನೆಯದು ಬಹಳ ಮುಖ್ಯ. ಅದು ಇಲ್ಲದಿದ್ದರೆ ಓದುವವರಿಗೆ ಈ ಮಾಹಿತಿ ಬಿಸಿಯದೋ ತಂಗಳೋ ತಿಳಿಯುವುದಿಲ್ಲ.

ನಮ್ಮಲ್ಲಿ ಗೋಷ್ಠಿ ವೇಳೆಗೆ ಶುರುವಾಗುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ವಿನ್ಯಾಸ ಮಾಡಬೇಕು. ಉದ್ಘಾಟನೆಯ ಭಾಷಣಗಳು ಹಿಗ್ಗುತ್ತವೆ, ಮೊದಲ ಗೋಷ್ಠಿ ಊಟದ ಹೊತ್ತಿಗೆ ಬೀಳುತ್ತದೆ, ಸಂಜೆಯ ಕವಿಗೋಷ್ಠಿ ದೀಪ ಹಚ್ಚಿದ ಮೇಲೆ. ಗಡಿಯಾರ ನೋಡಿ ತಾನೇ ಬದಲಾಗುವ ಪಟ್ಟಿ ಮಾಡಿದರೆ ಅದು ಬೆಳಿಗ್ಗೆ ಹನ್ನೊಂದಕ್ಕೇ ಸುಳ್ಳು ಹೇಳಲು ಶುರು ಮಾಡುತ್ತದೆ. ಹಾಗಾಗಿ ಪ್ರತಿ ವೇದಿಕೆಯ ಪಕ್ಕ ಒಬ್ಬ ಕಾಲೇಜು ಹುಡುಗನನ್ನೋ ಹುಡುಗಿಯನ್ನೋ ಕೂರಿಸಿ, ಕೈಯಲ್ಲಿರುವ ಫೋನಿನಿಂದ ಒಂದು ಗೂಗಲ್ ಶೀಟಿನಲ್ಲಿ ಸಾಲು ಬದಲಿಸಲು ಹೇಳುತ್ತೇವೆ. ಪುಟ ಆ ಶೀಟನ್ನು ಆಗಾಗ ಓದಿಕೊಳ್ಳುತ್ತದೆ. ಕೆಲವು ಅಕ್ಷರ ಹೋಗಿಬರುವುದಕ್ಕೆ ಸೊರಗಿದ ನೆಟ್‌ವರ್ಕೂ ಸಾಕು. ಇಡೀ ಪುಟದಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಭಾಗ ಇದು, ಮತ್ತು ಇದರಲ್ಲಿ ವಿನ್ಯಾಸ ಎಂಬುದು ಹೆಚ್ಚೇನೂ ಇಲ್ಲ.

ವೇಳಾಪಟ್ಟಿಯನ್ನು ಕಾಗದದ ಮೇಲಿನ ಹಾಗೆ ಕೋಷ್ಟಕ ಮಾಡಿ ಫೋನಿಗೆ ತುಂಬುವುದೂ ಬೇಡ. ಮೂರು ವೇದಿಕೆಯ ಅಡ್ಡ ಕೋಷ್ಟಕ ಆ ಅಗಲಕ್ಕೆ ಬರುವುದಿಲ್ಲ. ದಿನವನ್ನು ಒತ್ತಿದರೆ ಆ ದಿನದ ಗಂಟೆಗಳು ಒಂದರ ಕೆಳಗೊಂದು ಬರಲಿ, ವೇದಿಕೆಗೊಂದು ಬಣ್ಣದ ಚೀಟಿ ಇರಲಿ, ಬಣ್ಣದ ಜೊತೆ ಹೆಸರೂ ಇರಲಿ. ಕೆಂಪು ಹಸಿರು ಬೇರೆಯಾಗಿ ಕಾಣದವರೂ ಸಮ್ಮೇಳನಕ್ಕೆ ಬರುತ್ತಾರೆ.

ಪ್ರತಿನಿಧಿ ಶುಲ್ಕ ತೆಗೆದುಕೊಳ್ಳುವ ಜಾಗದಲ್ಲಿ ಒಂದು ತಮಾಷೆ ಎಲ್ಲ ಕಡೆ ನಡೆಯುತ್ತದೆ. ಯುಪಿಐನ ಕ್ಯೂಆರ್ ಕೋಡನ್ನು ದೊಡ್ಡದಾಗಿ ಪುಟದಲ್ಲಿ ಹಾಕಿ ‘ಸ್ಕ್ಯಾನ್ ಮಾಡಿ ಹಣ ಕಳಿಸಿ’ ಎಂದಿರುತ್ತಾರೆ. ಪುಟ ತೆರೆದಿರುವುದು ಅದೇ ಫೋನಿನಲ್ಲಿ. ತನ್ನ ಪರದೆಯನ್ನು ತಾನೇ ಹೇಗೆ ಸ್ಕ್ಯಾನ್ ಮಾಡಬೇಕು? ಬಲ್ಲವರು ಸ್ಕ್ರೀನ್‌ಶಾಟ್ ತೆಗೆದು ಗ್ಯಾಲರಿಯಿಂದ ಹಾಕುತ್ತಾರೆ, ಉಳಿದವರು ಪಕ್ಕದವರ ಫೋನು ಕೇಳುತ್ತಾರೆ. ಒತ್ತಿದರೆ ಹಣ ಪಾವತಿಯ ಆ್ಯಪ್ ತೆರೆಯುವ ಯುಪಿಐ ಲಿಂಕು ಹಾಕಿದರೆ ಆಯಿತು, ಖರ್ಚೇನೂ ಇಲ್ಲ. ಕ್ಯೂಆರ್ ಕೋಡಿನ ನಿಜವಾದ ಜಾಗ ಮುದ್ರಿತ ಕಾರ್ಡು ಮತ್ತು ಫ್ಲೆಕ್ಸು. ಅಲ್ಲೂ ಅದನ್ನು ಸ್ವಾಗತ ಕಮಾನಿನ ತುದಿಯಲ್ಲಿ ಕಟ್ಟುತ್ತಾರೆ. ದೂರದ ಹತ್ತನೇ ಒಂದು ಭಾಗದಷ್ಟು ಕೋಡಿನ ಅಗಲ ಇರಬೇಕು ಎಂಬುದು ಕೆಲಸದವರ ಲೆಕ್ಕ. ಇಪ್ಪತ್ತಡಿ ದೂರಕ್ಕೆ ಎರಡಡಿ ಅಗಲ. ಅದಕ್ಕಿಂತ ಊಟದ ಸಾಲಿನ ಪಕ್ಕ, ಕಣ್ಣಿನ ಎತ್ತರಕ್ಕೆ ಅಂಟಿಸಿ. ಅಲ್ಲಿ ಜನಕ್ಕೆ ಪುರುಸೊತ್ತಿರುತ್ತದೆ.

ವಾಟ್ಸ್ಆ್ಯಪಿನಲ್ಲಿ ಲಿಂಕು ಕಳಿಸಿದಾಗ ಜೊತೆಗೆ ಮೂಡುವ ಪುಟ್ಟ ಚಿತ್ರವೂ ನಮ್ಮ ಕೆಲಸವೇ. ನೂರರಲ್ಲಿ ಬಹುಪಾಲು ಜನ ನೋಡುವುದು ಅದನ್ನು ಮಾತ್ರ, ಪುಟಕ್ಕೆ ಬರುವುದೇ ಇಲ್ಲ. ಅದಕ್ಕೇ ಹೆಸರು, ಊರು ಅದರ ಮೇಲೇ ಓದಲು ಬರುವಂತೆ ಇರಬೇಕು. ತಾರೀಖನ್ನು ಮಾತ್ರ ಕೊನೆಯ ಗಳಿಗೆಯವರೆಗೆ ಅದರಲ್ಲಿ ಹಾಕುವುದಿಲ್ಲ. ಒಮ್ಮೆ ಗುಂಪುಗಳಿಗೆ ಹೋದ ಚಿತ್ರ ವಾಪಸ್ ಬರುವುದಿಲ್ಲ, ಮತ್ತು ಸಮ್ಮೇಳನದ ತಾರೀಖು ಮುಂದಕ್ಕೆ ಹೋಗುವುದು ನಮಗೆ ಹೊಸದಲ್ಲ. ಹಾವೇರಿಯ 86ನೇ ಸಮ್ಮೇಳನ ಕೊರೊನಾದಿಂದಾಗಿ ಮುಂದಕ್ಕೆ ಹೋಗುತ್ತಾ ಹೋಗಿ ಕೊನೆಗೆ ನಡೆದದ್ದು 2023ರ ಜನವರಿ 6ಕ್ಕೆ.

ಹೊರನಾಡಿನ ಕನ್ನಡಿಗರ ಸಮಾವೇಶಗಳಿಗೆ ಪುಟ ಮಾಡುವಾಗ ಪ್ರಶ್ನೆಗಳೇ ಬೇರೆ. ಎರಡು ವರ್ಷಕ್ಕೊಮ್ಮೆ ಅಮೆರಿಕದಲ್ಲಿ ನಡೆಯುವ ಅಕ್ಕ ಸಮ್ಮೇಳನದಂಥದ್ದಕ್ಕೆ ಹೋಗುವವರು ಓಓಡಿ ಕೇಳುವುದಿಲ್ಲ, ಮಕ್ಕಳಿಗೆ ಟಿಕೆಟ್ ಎಷ್ಟು, ಹೋಟೆಲಿನಿಂದ ನಡೆದು ಹೋಗಬಹುದೇ ಎಂದು ಕೇಳುತ್ತಾರೆ. ಇತ್ತ ಊರಿನಲ್ಲಿ ಕೂತು ಮೊಮ್ಮಗಳ ನೃತ್ಯ ನೋಡಲು ಕಾಯುವ ಅಜ್ಜಿ ಒಬ್ಬರು ಇದ್ದೇ ಇರುತ್ತಾರೆ. ಬೇಸಿಗೆಯಲ್ಲಿ ನ್ಯೂಯಾರ್ಕಿನ ಸಂಜೆ 6 ಗಂಟೆ ಎಂದರೆ ನಮಗೆ ಮರುದಿನ ಬೆಳಗಿನ ಜಾವ 3.30. ಎರಡೂ ಹೊತ್ತನ್ನು ಅಕ್ಕಪಕ್ಕ ಬರೆದರೆ ಅಜ್ಜಿಯ ನಿದ್ದೆ ಒಂದೇ ದಿನ ಕೆಡುತ್ತದೆ.

ಎಲ್ಲ ಮುಗಿದ ಮೇಲೆ ಪುಟವನ್ನು ಏನು ಮಾಡಬೇಕೆಂದು ಯಾರೂ ಕೇಳುವುದಿಲ್ಲ. ಶಾಮಿಯಾನದವರು ಕಂಬ ಕೀಳುತ್ತಾರೆ, ಸಮಿತಿ ಲೆಕ್ಕ ಒಪ್ಪಿಸಿ ಚದುರುತ್ತದೆ. ವರ್ಷ ಕಳೆಯುವಷ್ಟರಲ್ಲಿ ಡೊಮೈನಿನ ಅವಧಿ ಮುಗಿಯುತ್ತದೆ; ನೆನಪೋಲೆ ಹೋಗುವುದು ಆಗ ಕೆಲಸ ಮಾಡಿಕೊಟ್ಟ ಹುಡುಗನ ಖಾಸಗಿ ಇಮೇಲಿಗೆ. ಖಾಲಿ ಬಿದ್ದ ಹೆಸರನ್ನು ಯಾರೋ ಕೊಂಡು ಜೂಜಿನ ಪುಟ ಇಡುತ್ತಾರೆ. ಸ್ಮರಣ ಸಂಚಿಕೆಯಲ್ಲಿ ಅಚ್ಚಾದ ವಿಳಾಸ ಒತ್ತಿದವರಿಗೆ ರಮ್ಮಿ ಆಟ ತೆರೆಯುತ್ತದೆ. ವೆಬ್ ಹುಟ್ಟಿದ ಮನೆಯೇ ಇದರಿಂದ ತಪ್ಪಿಸಿಕೊಂಡಿಲ್ಲ. ಟಿಮ್ ಬರ್ನರ್ಸ್-ಲೀ ಜಿನೀವಾದ ಸರ್ನ್‌ನಲ್ಲಿ ಮಾಡಿದ ಜಗತ್ತಿನ ಮೊದಲ ವೆಬ್‌ಪುಟ ತನ್ನ ಮೂಲ ವಿಳಾಸದಲ್ಲಿ ಸಿಗದೆ ಹೋಗಿತ್ತು. 2013ರಲ್ಲಿ ಸರ್ನ್ ಕೈಗೆ ಸಿಕ್ಕ 1992ರ ಪ್ರತಿಯೊಂದನ್ನು ತಂದು ಅಲ್ಲಿ ಮತ್ತೆ ನಿಲ್ಲಿಸಬೇಕಾಯಿತು.

ಸಮ್ಮೇಳನದ ಪುಟಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಭಾಷಣಗಳ ಪೂರ್ಣಪಾಠ, ನಿರ್ಣಯಗಳು, ವಿಡಿಯೋ, ಮಳಿಗೆಗಳ ಪಟ್ಟಿ ಹಾಕಿ, ‘ಈಗ’ ಪಟ್ಟಿಯನ್ನೂ ನೋಂದಣಿಯನ್ನೂ ತೆಗೆದು, ನೋಂದಾಯಿಸಿದವರ ಫೋನ್ ನಂಬರುಗಳನ್ನು ಅಳಿಸಿ, ಉಳಿದದ್ದನ್ನು ಹಾಗೇ ಇಡುವುದು ಅರ್ಧ ದಿನದ ಕೆಲಸ. ಪ್ರತಿ ವರ್ಷ ಹೊಸ ಹೆಸರು ಕೊಳ್ಳುವ ಬದಲು ಸಂಸ್ಥೆಯ ಹಳೆಯ ಡೊಮೈನಿನ ಕೆಳಗೇ ವರ್ಷದ ಹೆಸರಿನಲ್ಲಿ ಇಟ್ಟರೆ ಇನ್ನೂ ಒಳ್ಳೆಯದು. ಹೊಸದೇ ಬೇಕೆಂದರೆ ಡೊಮೈನನ್ನು ಒಂದೇ ಸಲಕ್ಕೆ ಹೆಚ್ಚೆಂದರೆ ಹತ್ತು ವರ್ಷಕ್ಕೆ ಕೊಳ್ಳಬಹುದು. ಖಜಾಂಚಿಗಳಿಗೆ ನಾನು ಕೊಡುವ ಬಿಲ್ಲಿನ ಮೊದಲ ಸಾಲು ಅದು: ಹತ್ತು ವರ್ಷದ ಡೊಮೈನ್, ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಇಮೇಲಿನಲ್ಲಿ. ಒಂದು ಸ್ವಾಗತ ಕಮಾನಿಗಿಂತ ಕಡಿಮೆ ಖರ್ಚು ಎಂದು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿರುತ್ತೇನೆ.